ಮಿಯಾ ಬಿಟ್ಟುಹೋದ ಸದ್ದು: ಜಕಾರ್ತಾದ ಇಸ್ತೋರಾದಲ್ಲಿ ನಾಲ್ಕು ದಿನ

ಬಾಲಿಗೆ ಹೋಗುವ ನಮ್ಮವರು ಜಕಾರ್ತಾದಲ್ಲಿ ಒಂದು ರಾತ್ರಿ ತಂಗಿ ಬೆಳಿಗ್ಗೆ ಹೊರಟುಬಿಡುತ್ತಾರೆ. ಆ ಊರಲ್ಲಿ ನೋಡುವಂಥದ್ದು ಏನಿದೆ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಬ್ಯಾಡ್ಮಿಂಟನ್ ಇಷ್ಟಪಡುವವರಿಗೆ ನನ್ನ ಉತ್ತರ ಒಂದೇ. ಜೂನ್ ತಿಂಗಳಲ್ಲಿ ಹೋಗಿ. ಇಂಡೋನೇಷ್ಯಾ ಓಪನ್ ನಡೆಯುವಾಗ ಹೋಗಿ. ಅದು ನಡೆಯುವ ಇಸ್ತೋರಾ ಕ್ರೀಡಾಂಗಣದಲ್ಲಿ ಕೂತು ಒಂದು ದಿನವಾದರೂ ಆಟ ನೋಡಿ.

ಯಜಮಾನರ ಕೆಲಸದ ಮೇಲೆ ನಾವು ಮೂರು ವರ್ಷ ಜಕಾರ್ತಾದಲ್ಲಿ ಇದ್ದೆವು. 2023ರ ಜೂನ್‌ನಲ್ಲಿ ನಾನು ಗುರುವಾರದಿಂದ ಭಾನುವಾರದವರೆಗೆ ನಾಲ್ಕೂ ದಿನ ಇಸ್ತೋರಾಕ್ಕೆ ಹೋದೆ. ಅಲ್ಲಿ ಆಟ ನೋಡುವುದು ಹೇಗಿರುತ್ತದೆ ಅಂತ ಹೇಳುವುದಕ್ಕೇ ಇದನ್ನು ಬರೆಯಲು ಕೂತೆ. ಆದರೆ ಇದರಲ್ಲಿ ಮಿಯಾ ಔದಿನಾ ಅನ್ನುವ ಬ್ಯಾಡ್ಮಿಂಟನ್ ಆಟಗಾರ್ತಿಯ ಮಾತು ಜಾಸ್ತಿ ಬರುತ್ತದೆ. ಆ ಕ್ರೀಡಾಂಗಣ ನನಗೆ ಅರ್ಥವಾಗಿದ್ದು ಅವಳಿಂದ. ಅವಳು ಅರ್ಥವಾಗಿದ್ದು ಆ ಕ್ರೀಡಾಂಗಣದಿಂದ.

ಮೊದಲು ದಾರಿ ಹೇಳಿಬಿಡುತ್ತೇನೆ. ಜಕಾರ್ತಾದ ಟ್ರಾಫಿಕ್ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಕಾರು ಬೇಡ. 2019ರಲ್ಲಿ ಶುರುವಾದ ಮೆಟ್ರೊ ಇದೆ, ಅಲ್ಲಿ ಅದನ್ನು ಎಂಆರ್‌ಟಿ ಅನ್ನುತ್ತಾರೆ. ಬುಂದರಾನ್ ಹೆಚ್‌ಐ ನಿಲ್ದಾಣದಲ್ಲಿ ಹತ್ತಿದರೆ ನಾಲ್ಕನೇ ನಿಲ್ದಾಣವೇ ಇಸ್ತೋರಾ. ಇಳಿದು ಮೇಲೆ ಬಂದರೆ ಗೆಲೋರಾ ಬುಂಗ್ ಕಾರ್ನೊ ಕ್ರೀಡಾ ಸಂಕೀರ್ಣದ ಗೇಟು. ಅಲ್ಲಿಂದ ಮರಗಳ ನೆರಳಲ್ಲಿ ಸ್ವಲ್ಪ ನಡೆಯಬೇಕು. ದಾರಿ ಕೇಳುವ ಅಗತ್ಯವೇ ಬರಲಿಲ್ಲ. ಕೆಂಪು ಬಿಳಿ ಟೀ ಶರ್ಟ್ ಹಾಕಿದವರ ಹಿಂದೆ ಹೋದೆ, ಅಷ್ಟೇ.

ಟಿಕೆಟ್ ವಿಷಯದಲ್ಲಿ ಮಾತ್ರ ಹುಷಾರು. ನಾನು ಆನ್‌ಲೈನ್‌ನಲ್ಲಿ ಕೊಳ್ಳುವಾಗ ದುಡ್ಡು ಎರಡು ಸಲ ಕಟ್ ಆಯಿತು, ಟಿಕೆಟ್ ಒಂದು ದಿನದ್ದೇ ಬಂತು. ಆ ಮಾರಾಟದ ಜಾಲತಾಣಕ್ಕೆ ಬರೆದು ಬರೆದು ಸಾಕಾಯಿತು. ಎರಡು ವಾರದ ಮೇಲೆ ಹಣ ವಾಪಸ್ ಬಂತು. ಆದರೆ ಆ ಎರಡು ವಾರ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಕೊನೆಯ ಎರಡು ದಿನದ ಟಿಕೆಟ್ ಬೇಗ ಖಾಲಿಯಾಗುತ್ತದೆ, ದರವೂ ಮೇಲೇರುತ್ತದೆ.

ಈಗ ಕಟ್ಟಡದ ಬಗ್ಗೆ. ಇಸ್ತೋರಾ ಅಂದರೆ ಇಸ್ತಾನಾ ಓಲಾರಾಗಾ, ಆಟದ ಅರಮನೆ. 1961ರಲ್ಲಿ ಬಾಗಿಲು ತೆರೆದದ್ದು. 1962ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಸೋವಿಯತ್ ಒಕ್ಕೂಟದ ಸಾಲದಲ್ಲಿ ಆ ಇಡೀ ಸಂಕೀರ್ಣವನ್ನು ಕಟ್ಟಿದರು. 2018ರ ಏಷ್ಯನ್ ಕ್ರೀಡಾಕೂಟಕ್ಕೆ ಮುಂಚೆ ಒಳಗೆಲ್ಲ ಹೊಸದು ಮಾಡಿದ್ದಾರೆ. ಆ ಕೆಲಸ ನಡೆಯುತ್ತಿದ್ದಾಗ, 2017ರಲ್ಲಿ, ಇಂಡೋನೇಷ್ಯಾ ಓಪನ್ ಪಕ್ಕದ ಕನ್ವೆನ್ಷನ್ ಸೆಂಟರ್‌ಗೆ ಹೋಗಿತ್ತು. ಆ ವರ್ಷ ನಮ್ಮ ಕಿದಂಬಿ ಶ್ರೀಕಾಂತ್ ಸಿಂಗಲ್ಸ್ ಗೆದ್ದದ್ದು ಅಲ್ಲಿ. ಈಗ ಇಸ್ತೋರಾದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕುರ್ಚಿ. ಏಳು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಜನ ಹಿಡಿಸುತ್ತದೆ. ಇಷ್ಟು ದೊಡ್ಡ ಹೆಸರಿಗೆ ಇಷ್ಟು ಪುಟ್ಟ ಜಾಗವೇ ಅಂತ ಮೊದಲ ದಿನ ಅನಿಸಿತು. ಒಳಗೆ ಕೂತ ಮೇಲೆ ಗೊತ್ತಾಯಿತು, ಆ ಪುಟ್ಟತನವೇ ಅದರ ಶಕ್ತಿ. ನಾಲ್ಕೂ ಕಡೆಯಿಂದ ಜನ ಅಂಗಳದ ಮೇಲೆ ಬಾಗಿಕೊಂಡ ಹಾಗಿರುತ್ತದೆ. ಶಟಲ್ ರ‍್ಯಾಕೆಟ್‌ಗೆ ತಾಗುವ ಸದ್ದು ಮೇಲಿನ ಸಾಲಿಗೂ ಕೇಳುತ್ತದೆ.

ಕೇಳುತ್ತದೆ ಅಂದೆ. ಜನ ಬಿಟ್ಟರೆ ಕೇಳುತ್ತದೆ.

ಇಸ್ತೋರಾದ ಸದ್ದನ್ನು ಟಿವಿಯಲ್ಲಿ ಕೇಳಿದವರಿಗೆ ಅದು ಗೊತ್ತಿದೆ ಅನಿಸಬಹುದು. ಗೊತ್ತಿರುವುದಿಲ್ಲ. ತಮ್ಮ ಆಟಗಾರ ಸ್ಮ್ಯಾಶ್ ಹೊಡೆದಾಗಲೆಲ್ಲ ಏಳು ಸಾವಿರ ಜನ ಒಟ್ಟಿಗೆ 'ಎಯಾ!' ಅಂತ ಕೂಗುತ್ತಾರೆ. ಒಂದು ರ‍್ಯಾಲಿಯಲ್ಲಿ ಆರು ಸ್ಮ್ಯಾಶ್ ಬಂದರೆ ಆರು ಸಲ. ಪ್ರತಿ ಸಲವೂ ಸದ್ದು ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಪಾಯಿಂಟ್ ಮುಗಿದ ಕೂಡಲೇ 'ಇನ್-ದೊ-ನೇ-ಸ್ಯಾ', ಆಮೇಲೆ ಚಪ್ಪಾಳೆಯ ತಾಳ. ಗಾಳಿ ತುಂಬಿದ ಪ್ಲಾಸ್ಟಿಕ್ ಕೋಲುಗಳನ್ನು ಬಡಿಯುವ ಶಬ್ದ ಬೇರೆ. ಕುರ್ಚಿ ನಡುಗುವುದು ಬೆನ್ನಿಗೆ ಗೊತ್ತಾಗುತ್ತದೆ. ಮೊದಲ ದಿನ ನಾನು ಕಿವಿ ಮುಚ್ಚಿಕೊಂಡೆ. ಎರಡನೇ ದಿನ ನಾನೂ ಕೂಗುತ್ತಿದ್ದೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋದರೆ ಕಿವಿಗೆ ಹತ್ತಿಯಾದರೂ ಇರಲಿ.

ಶುಕ್ರವಾರ ಕ್ವಾರ್ಟರ್ ಫೈನಲ್. ನಮ್ಮ ಡಬಲ್ಸ್ ಜೋಡಿ ಸಾತ್ವಿಕ್ ಮತ್ತು ಚಿರಾಗ್ ಎದುರು ಇಂಡೋನೇಷ್ಯಾದ ಫಜರ್ ಮತ್ತು ರಿಯಾನ್. ಅಗ್ರ ಶ್ರೇಯಾಂಕದ ಜೋಡಿ, ಅದೂ ಅವರ ಮನೆಯಲ್ಲೇ. ಇಡೀ ಸಾಲಿನಲ್ಲಿ ಭಾರತದವಳು ನಾನೊಬ್ಬಳೇ. 21-13, 21-13ರಲ್ಲಿ ನಮ್ಮವರು ಗೆದ್ದಾಗ ನಾನು ಎದ್ದು ನಿಂತು ಕೂಗಿಬಿಟ್ಟೆ. ಕೂಗಿದ ಮೇಲೆ ಸುತ್ತ ನೋಡಿದೆ. ಎಲ್ಲರೂ ಸುಮ್ಮನಿದ್ದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಕೈ ಮುಂದೆ ಮಾಡಿದರು. 'ನಿಮ್ಮವರು ಚೆನ್ನಾಗಿ ಆಡಿದರು, ಇಬು' ಅಂದರು. ಇಬು ಅಂದರೆ ಅಮ್ಮ, ದೊಡ್ಡ ಹೆಂಗಸರನ್ನು ಹಾಗೇ ಕರೆಯುವುದು.

ಅವರಿಗೆ ಅರವತ್ತರ ಮೇಲೆ ವಯಸ್ಸು. ಗ್ಲೋಡೋಕ್‌ನಲ್ಲಿ ರೇಡಿಯೊ, ಟಿವಿ ಬಿಡಿಭಾಗದ ಅಂಗಡಿ ಇತ್ತಂತೆ. ಅದು ಜಕಾರ್ತಾದಲ್ಲಿ ಚೀನಾ ಮೂಲದವರು ಜಾಸ್ತಿ ಇರುವ ಪೇಟೆ. ನನ್ನ ಹರುಕು ಇಂಡೋನೇಷ್ಯನ್, ಅವರ ಅಷ್ಟಿಷ್ಟು ಇಂಗ್ಲಿಷ್. ಹೇಗೋ ಮಾತು ಸಾಗಿತು. ನೀವು ಆಡುತ್ತಿದ್ದಿರಾ ಅಂತ ಕೇಳಿದರು. ಶಾಲೆಯಲ್ಲಿ, ಕಾಲೇಜಿನಲ್ಲಿ ಆಡುತ್ತಿದ್ದೆ ಅಂದೆ. ಯಾವ ವರ್ಷ ಹುಟ್ಟಿದ್ದು ಅಂದರು. 1979 ಅಂದೆ.

'ಮಿಯಾ ವರ್ಷ' ಅಂದರು ಅವರು. ಒಂದು ಕ್ಷಣವೂ ಯೋಚಿಸಲಿಲ್ಲ. ಆಮೇಲೆ ಅಂಗಳದ ಕಡೆ ಬೆರಳು ತೋರಿಸಿದರು. 'ಅಲ್ಲಿ. ಆ ತುದಿಯಲ್ಲಿ. ಹದಿನಾಲ್ಕು ವರ್ಷ.'

ಅದು 1994ರ ಮೇ 20. ಇದೇ ಇಸ್ತೋರಾ. ಉಬರ್ ಕಪ್ ಫೈನಲ್, ಇಂಡೋನೇಷ್ಯಾ ಮತ್ತು ಚೀನಾ. ಉಬರ್ ಕಪ್ ಅಂದರೆ ಹೆಂಗಸರ ತಂಡಗಳ ವಿಶ್ವಕಪ್ ಇದ್ದ ಹಾಗೆ. ಇಂಡೋನೇಷ್ಯಾ ಅದನ್ನು ಒಂದೇ ಸಲ ಗೆದ್ದಿತ್ತು, 1975ರಲ್ಲಿ. ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದರು. ಐದು ಪಂದ್ಯಗಳಲ್ಲಿ ನಾಲ್ಕು ಮುಗಿದಾಗ ಎರಡು ಎರಡು ಸಮ. ಬಾರ್ಸಿಲೋನಾದಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಸೂಸಿ ಸುಸಾಂತಿ ತನ್ನ ಪಂದ್ಯ ಗೆದ್ದು ಮುಗಿಸಿದ್ದಳು. ಉಳಿದದ್ದು ಕೊನೆಯ ಸಿಂಗಲ್ಸ್. ಆ ಕಡೆ ಚೀನಾದ ಜಾಂಗ್ ನಿಂಗ್, ಹತ್ತೊಂಬತ್ತು ವರ್ಷ. ಈ ಕಡೆ ಮಿಯಾ ಔದಿನಾ. ಹದಿನೈದು ತುಂಬುವುದಕ್ಕೆ ಇನ್ನೂ ಮೂರು ತಿಂಗಳಿತ್ತು.

ಆಗ ಈಗಿನ ಹಾಗೆ 21 ಪಾಯಿಂಟಿನ ಆಟ ಇರಲಿಲ್ಲ. ಹೆಂಗಸರ ಸಿಂಗಲ್ಸ್ 11 ಪಾಯಿಂಟಿನದ್ದು. ಸರ್ವಿಸ್ ಯಾರದ್ದೋ ಅವರಿಗೆ ಮಾತ್ರ ಪಾಯಿಂಟ್. ಎದುರಾಳಿಯ ಸರ್ವಿಸ್‌ನಲ್ಲಿ ನೀವು ರ‍್ಯಾಲಿ ಗೆದ್ದರೆ ಪಾಯಿಂಟ್ ಸಿಗುವುದಿಲ್ಲ, ಸರ್ವಿಸ್ ಸಿಗುತ್ತದೆ ಅಷ್ಟೇ. 'ಸರ್ವಿಸ್ ಓವರ್' ಅಂತ ಅಂಪೈರ್ ಕೂಗುತ್ತಿದ್ದರು. ನನ್ನ ವಯಸ್ಸಿನವರಿಗೆ ಆ ಮಾತು ಇನ್ನೂ ಕಿವಿಯಲ್ಲಿ ಇರುತ್ತದೆ, ಅಲ್ವಾ? ಇಬ್ಬರೂ ಬಿಗಿಯಾಗಿ ಆಡಿದರೆ ಬೋರ್ಡಿನ ಅಂಕಿ ಎಷ್ಟೋ ಹೊತ್ತು ಅಲುಗಾಡುತ್ತಲೇ ಇರಲಿಲ್ಲ. ನೋಡುವವರ ಹೊಟ್ಟೆ ಕಿವುಚುತ್ತಿತ್ತು.

ಮಿಯಾ ಮೊದಲ ಗೇಮ್ 11-7ರಲ್ಲಿ ಗೆದ್ದಳು. ಎರಡನೆಯದು 10-10 ಆಗಿ ಸೆಟ್ಟಿಂಗ್‌ಗೆ, ಅಂದರೆ ಇನ್ನೆರಡು ಪಾಯಿಂಟಿನ ಹೆಚ್ಚುವರಿ ಆಟಕ್ಕೆ ಹೋಯಿತು. 12-10ರಲ್ಲಿ ಕೈತಪ್ಪಿತು. ಇಷ್ಟು ಹತ್ತಿರ ಬಂದು ತಪ್ಪಿಸಿಕೊಂಡರೆ ದೊಡ್ಡವರೇ ಕುಸಿದುಹೋಗುತ್ತಾರೆ. ಆ ಹುಡುಗಿ ಮೂರನೆಯದನ್ನು 11-4ರಲ್ಲಿ ಮುಗಿಸಿದಳು. 'ಆಗ ಇಲ್ಲಿ ಬೆಂಚುಗಳಿದ್ದವು. ನಾವೆಲ್ಲ ಬೆಂಚಿನ ಮೇಲೆ ಹತ್ತಿ ನಿಂತಿದ್ದೆವು. ನನ್ನ ಪಕ್ಕದವನು ಯಾರೋ ಗೊತ್ತಿಲ್ಲ, ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತ' ಅಂದರು ಹಿರಿಯರು. ಅದೇ ಸಲ ಗಂಡಸರು ಥಾಮಸ್ ಕಪ್ ಕೂಡ ಗೆದ್ದರು. ಎರಡೂ ಕಪ್ ಒಟ್ಟಿಗೆ ಮನೆಗೆ ಬಂದದ್ದು ಆ ದೇಶಕ್ಕೆ ಅದೇ ಮೊದಲು.

ನನಗೆ ಅದನ್ನು ಕೇಳುವಾಗ ಮೈ ಜುಮ್ಮೆಂದಿತು. ಯಾಕೆಂದರೆ ನಾನು ಹಿಂದಿನ ಒಂದೂವರೆ ದಿನ ಅದೇ ಸದ್ದಿನೊಳಗೆ ಕೂತಿದ್ದೆ. ನಲವತ್ತಮೂರು ವರ್ಷದ ನನಗೇ ಎದೆ ಬಡಿದುಕೊಳ್ಳುತ್ತಿತ್ತು, ಅದೂ ಸುಮ್ನೆ ಕುರ್ಚಿಯಲ್ಲಿ ಕೂತು. ಹದಿನಾಲ್ಕು ವರ್ಷದವಳೊಬ್ಬಳು ಇದರ ನಡುವೆ ನಿಂತು, ನೆಟ್ ಹತ್ತಿರ ಮೆಲ್ಲಗೆ ಒಂದು ಡ್ರಾಪ್ ಹಾಕಬೇಕು. ಕೈ ನಡುಗಬಾರದು. ಟಿವಿಯಲ್ಲೋ ಹಳೆಯ ವಿಡಿಯೊದಲ್ಲೋ ನೋಡಿದರೆ ಇದು ತಿಳಿಯುವುದಿಲ್ಲ.

1994ರಲ್ಲಿ ನನಗೂ ಹದಿನಾಲ್ಕು. ನೈಲಾನ್ ಶಟಲ್‌ನಲ್ಲಿ ಆಡುತ್ತಿದ್ದೆ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ನಡೆದಾಗ ಪಿಯುಸಿ ಎರಡನೇ ವರ್ಷ. ಲಿಯಾಂಡರ್ ಪೇಸ್ ಕಂಚು ಗೆದ್ದ ಖುಷಿಯ ಸುದ್ದಿಯ ನಡುವೆ ಪತ್ರಿಕೆಯ ಮೂಲೆಯಲ್ಲಿ ಬ್ಯಾಡ್ಮಿಂಟನ್ ಫಲಿತಾಂಶ ಇತ್ತು. ಕೊರಿಯಾದ ಬಾಂಗ್ ಸೂ-ಹ್ಯುನ್‌ಗೆ ಚಿನ್ನ, ಇಂಡೋನೇಷ್ಯಾದ ಮಿಯಾ ಔದಿನಾಗೆ ಬೆಳ್ಳಿ, ಸೂಸಿಗೆ ಕಂಚು. ಬೆಳ್ಳಿ ಗೆದ್ದವಳಿಗೆ ಹದಿನಾರು ವರ್ಷ ಅಂತ ಓದಿ ನಾನು ಆ ತುಂಡನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೆ. ನನ್ನ ವಯಸ್ಸಿನವಳು, ನನ್ನ ಆಟ. ಅಷ್ಟೇ ಸಾಕಿತ್ತು.

ನನಗೆ ಮದುವೆಯಾಯಿತು. ಊರು ಬದಲಾಯಿತು. ರ‍್ಯಾಕೆಟ್ ತವರುಮನೆಯ ಅಟ್ಟದ ಮೇಲೆ ಉಳಿಯಿತು. ಯಾರೂ ಬೇಡ ಅನ್ನಲಿಲ್ಲ, ಆಡು ಅಂತಲೂ ಅನ್ನಲಿಲ್ಲ. ಆಟ ತಾನಾಗಿ ನಿಂತುಹೋಯಿತು.

ಮಿಯಾಗೂ ಮದುವೆಯಾಯಿತು. 1999ರಲ್ಲಿ. ಹುಡುಗ ನೆದರ್ಲ್ಯಾಂಡ್ಸ್‌ನವನು, ಸುರಿನಾಮ್ ಮೂಲದ ಗಾಯಕ. ಅವಳು ಅಲ್ಲಿಗೆ ಹೋದಳು. ಅಷ್ಟರವರೆಗೆ ಇಬ್ಬರದೂ ಒಂದೇ ಕಥೆ. ಆದರೆ ಅವಳು ರ‍್ಯಾಕೆಟ್ ಬಿಡಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನೆದರ್ಲ್ಯಾಂಡ್ಸ್ ಪರ ಆಡಿದಳು. ಬ್ಯಾಡ್ಮಿಂಟನ್‌ನಲ್ಲಿ ದೇಶ ಬದಲಿಸುವುದು ಕೆಲಸ ಬದಲಿಸಿದ ಹಾಗಲ್ಲ. ಒಂದು ದೇಶದ ಪರ ಒಲಿಂಪಿಕ್ಸ್ ಆಡಿದವರು ಇನ್ನೊಂದರ ಪರ ಇಳಿಯಬೇಕಾದರೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಸಂಬಂಧಪಟ್ಟ ದೇಶಗಳ ಒಲಿಂಪಿಕ್ ಸಮಿತಿಗಳು ಒಪ್ಪಿದರೆ ಮಾತ್ರ ಆ ಅವಧಿ ಕಡಿಮೆಯಾಗಬಹುದು. ಆಟಗಾರ್ತಿಯ ಪಾಲಿಗೆ ಮೂರು ವರ್ಷ ಅಂದರೆ ಏನು ಅಂತ ಯೋಚಿಸಿ. ಅದಕ್ಕಿಂತ ಜಾಸ್ತಿ, ಜೊತೆಯಲ್ಲಿ ಅಭ್ಯಾಸ ಮಾಡುವವರು ಇರುವುದಿಲ್ಲ. ಇಂಡೋನೇಷ್ಯಾದ ರಾಷ್ಟ್ರೀಯ ಶಿಬಿರದಲ್ಲಿ ಬೆಳಿಗ್ಗೆ ಎದ್ದರೆ ಪಕ್ಕದ ಅಂಗಳದಲ್ಲಿ ಸೂಸಿ ಇರುತ್ತಿದ್ದಳು. ನೆದರ್ಲ್ಯಾಂಡ್ಸ್‌ನಲ್ಲಿ ಜನರಿಗೆ ಫುಟ್‌ಬಾಲ್ ಬೇಕು, ಚಳಿಗಾಲದಲ್ಲಿ ಸ್ಕೇಟಿಂಗ್ ಬೇಕು. ಬ್ಯಾಡ್ಮಿಂಟನ್‌ಗೆ ಏಳು ಸಾವಿರ ಜನ ಎದ್ದು ನಿಂತು ಕೂಗುವ ದೇಶ ಅದಲ್ಲ.

ಅವಳು ಯಾಕೆ ಹೋದಳು ಅಂತ ಅಲ್ಲಿನವರು ಇನ್ನೂ ಮಾತಾಡುತ್ತಾರೆ. ಮದುವೆ ಅಂತ ಎಲ್ಲರಿಗೂ ಗೊತ್ತು. ಆದರೂ ಮಾತು 1998ರ ಹತ್ತಿರ ಬಂದು ನಿಲ್ಲುತ್ತದೆ. ಆ ವರ್ಷ ಮೇ ತಿಂಗಳಲ್ಲಿ ಜಕಾರ್ತಾದಲ್ಲಿ ಗಲಭೆಯಾಯಿತು. ಚೀನಾ ಮೂಲದವರ ಅಂಗಡಿ, ಮನೆಗಳಿಗೆ ಬೆಂಕಿ ಬಿತ್ತು. ಅದೇ ದಿನಗಳಲ್ಲಿ ಥಾಮಸ್ ಮತ್ತು ಉಬರ್ ಕಪ್ ಹಾಂಗ್‌ಕಾಂಗ್‌ನಲ್ಲಿ. ಮಿಯಾ ಸೇರಿ ಇಂಡೋನೇಷ್ಯಾದ ಆಟಗಾರರಲ್ಲಿ ಎಷ್ಟೋ ಜನ ಚೀನಾ ಮೂಲದವರು. ಮನೆಯವರು ಹೇಗಿದ್ದಾರೋ ಅನ್ನುವ ಭಯ ಇಟ್ಟುಕೊಂಡು ಅವರು ದೇಶದ ಬಾವುಟ ಎದೆಯ ಮೇಲೆ ಹಾಕಿಕೊಂಡು ಆಡಿದರು. ಮೇ 21ರಂದು ಅಧ್ಯಕ್ಷ ಸುಹಾರ್ತೊ ರಾಜೀನಾಮೆ ಕೊಟ್ಟಾಗ ಟೂರ್ನಿ ಇನ್ನೂ ನಡೆಯುತ್ತಿತ್ತು. ಪುರುಷರು ಕಪ್ ಗೆದ್ದರು. ಹೆಂಗಸರು ಫೈನಲ್‌ನಲ್ಲಿ ಚೀನಾಗೆ ಸೋತರು.

ನಿಮ್ಮ ಅಂಗಡಿ ಏನಾಯಿತು ಅಂತ ನಾನು ಹಿರಿಯರನ್ನು ಕೇಳಿದೆ. ಕೇಳಬಾರದಿತ್ತು. 'ಆ ವರ್ಷದ ಮಾತು ಬೇಡ, ಇಬು' ಅಂದರು. ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದರು.

ಮಿಯಾ ಹೋದ ದೇಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಇಂಡೋನೇಷ್ಯನ್ನರು ನೆದರ್ಲ್ಯಾಂಡ್ಸ್ ಅನ್ನು ಬೆಲಾಂದಾ ಅನ್ನುತ್ತಾರೆ. ಅವರನ್ನು ಆಳಿದ ದೇಶ ಅದು. ನಮಗೆ ಇಂಗ್ಲೆಂಡ್ ಹೇಗೋ ಅವರಿಗೆ ಬೆಲಾಂದಾ ಹಾಗೆ. ಅಲ್ಲಿಗೆ ಹೋಗಿ, ಅವರ ಅಂಗಿ ಹಾಕಿ ಆಡುವುದು ಅಂದರೆ ನೋಡುವವರಿಗೆ ಎಷ್ಟು ಚುಚ್ಚಿರಬೇಕು. ಆದರೆ ಆ ಹಿರಿಯರ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ. ಅವರು ಹೇಳಿದ್ದು ಒಂದೇ ಪದ, 'ಸಾಯಾಂಗ್'. ನಾನು ಆ ಭಾಷೆ ಕಲಿಯುವಾಗ ಈ ಪದದ ಹತ್ತಿರ ತುಂಬಾ ಹೊತ್ತು ನಿಂತಿದ್ದೆ. ಅದಕ್ಕೆ ಎರಡು ಅರ್ಥ. ಗಂಡ ಹೆಂಡತಿಯನ್ನು, ತಾಯಿ ಮಗುವನ್ನು ಪ್ರೀತಿಯಿಂದ ಕರೆಯುವುದು ಸಾಯಾಂಗ್. ಅಯ್ಯೋ, ಹೀಗಾಗಬಾರದಿತ್ತು ಅನ್ನುವುದೂ ಸಾಯಾಂಗ್. ಅವರು ಯಾವ ಅರ್ಥದಲ್ಲಿ ಹೇಳಿದರೋ ನಾನು ಕೇಳಲಿಲ್ಲ.

ಅಥೆನ್ಸ್ 2004. ಆಗಸ್ಟ್ 19. ಮಿಯಾಗೆ ಇಪ್ಪತ್ತೈದು ತುಂಬುವುದಕ್ಕೆ ಮೂರು ದಿನ ಬಾಕಿ. ಆ ವರ್ಷವೇ ಅವಳು ಯುರೋಪ್ ಚಾಂಪಿಯನ್ ಆಗಿದ್ದಳು. ಸೆಮಿಫೈನಲ್‌ನಲ್ಲಿ ಚೀನಾದ ಗಾಂಗ್ ರೂಯಿನಾಳನ್ನು ದಾಟಿ ಫೈನಲ್‌ಗೆ ಬಂದಳು. ಎದುರಿಗೆ ನಿಂತವಳು ಯಾರು? ಜಾಂಗ್ ನಿಂಗ್. ಹತ್ತು ವರ್ಷದ ಹಿಂದೆ ಇಸ್ತೋರಾದಲ್ಲಿ ಸೋತು ಹೋದವಳು. ಈ ಹತ್ತು ವರ್ಷದಲ್ಲಿ ಅವಳೂ ಸುಮ್ಮನೆ ಕೂತಿರಲಿಲ್ಲ. ಬೇರೆಯವರು ಆಟ ಬಿಡುವ ವಯಸ್ಸಿನಲ್ಲಿ, ಇಪ್ಪತ್ತೆಂಟಕ್ಕೆ, ವಿಶ್ವ ಚಾಂಪಿಯನ್ ಆದವಳು. ಅಥೆನ್ಸ್‌ನಲ್ಲಿ ಮಿಯಾ ಮೊದಲ ಗೇಮ್ 11-8ರಲ್ಲಿ ಗೆದ್ದಳು. ಆಮೇಲೆ 6-11, 7-11. ಮತ್ತೆ ಬೆಳ್ಳಿ. ಜಾಂಗ್ ನಿಂಗ್ ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲಿ ಎರಡನೇ ಚಿನ್ನವನ್ನೂ ಗೆದ್ದಳು.

ಆ ಬೆಳ್ಳಿ ನೆದರ್ಲ್ಯಾಂಡ್ಸ್‌ಗೆ ಬ್ಯಾಡ್ಮಿಂಟನ್‌ನಲ್ಲಿ ಬಂದ ಮೊದಲ ಒಲಿಂಪಿಕ್ ಪದಕ. ಎಂಟು ವರ್ಷದ ಅಂತರ, ಎರಡು ಬಾವುಟ, ಎರಡು ಬೆಳ್ಳಿ. 2006ರಲ್ಲಿ ನೆದರ್ಲ್ಯಾಂಡ್ಸ್ ಹೆಂಗಸರ ತಂಡ ಉಬರ್ ಕಪ್ ಫೈನಲ್‌ವರೆಗೆ ಹೋಗಿ ಚೀನಾಗೆ 3-0 ಸೋತಿತು. ಅದೇ ವರ್ಷ ಮಿಯಾ ಆಟದಿಂದ ನಿವೃತ್ತಳಾದಳು. ಇಪ್ಪತ್ತೇಳು ವರ್ಷ. ಅವಳ ಜೀವನವನ್ನು ಚಿನ್ನ ಸಿಗದ ಕಥೆ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮದುವೆಯಾಗಿ, ಭಾಷೆ ಬಾರದ ದೇಶಕ್ಕೆ ಹೋಗಿ, ಮೊದಲಿಂದ ಶುರುಮಾಡಿ, ಮತ್ತೆ ಒಲಿಂಪಿಕ್ ಫೈನಲ್‌ಗೆ ಬಂದು ನಿಲ್ಲುವುದು ಮೊದಲ ಬೆಳ್ಳಿಗಿಂತ ದೊಡ್ಡದು ಅಂತ ನಾನು ನಂಬಿದ್ದೇನೆ.

ದೇಶ ಬದಲಿಸಿದವಳು ಅವಳೊಬ್ಬಳೇ ಅಲ್ಲ. ಟೋನಿ ಗುನಾವನ್ ಸಿಡ್ನಿಯಲ್ಲಿ ಚಾಂದ್ರಾ ವಿಜಯಾ ಜೊತೆ ಇಂಡೋನೇಷ್ಯಾಕ್ಕೆ ಚಿನ್ನ ಗೆದ್ದವರು. ಆಮೇಲೆ ಓದಲು ಅಮೆರಿಕಕ್ಕೆ ಹೋದರು. 2005ರಲ್ಲಿ ಅನಾಹೈಮ್‌ನಲ್ಲಿ ಹೋವರ್ಡ್ ಬಾಕ್ ಜೊತೆ ಅಮೆರಿಕಕ್ಕೆ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟರು. ಫೈನಲ್‌ನಲ್ಲಿ ನೆಟ್‌ನ ಆ ಕಡೆ ನಿಂತಿದ್ದವರಲ್ಲಿ ಒಬ್ಬರು ಅದೇ ಚಾಂದ್ರಾ ವಿಜಯಾ. ನಮ್ಮ ಪ್ರಕಾಶ್ ಪಡುಕೋಣೆ ಡೆನ್ಮಾರ್ಕ್‌ನಲ್ಲಿ ವರ್ಷಗಟ್ಟಲೆ ಇದ್ದು ಆಡಿದರು, ಆದರೆ ದೇಶ ಬದಲಿಸಲಿಲ್ಲ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು. ಪಡುಕೋಣೆ ಅಂದ ಕೂಡಲೇ ಹಿರಿಯರು ತಲೆಯಾಡಿಸಿದರು. ಆ ಹೆಸರು ಅಲ್ಲಿ ನಲವತ್ತು ವರ್ಷದ ಮೇಲೂ ಇದೆ. ಇದು ನನಗೆ ತುಂಬಾ ಖುಷಿ ಕೊಟ್ಟಿತು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊರಗೆ ಅಂಗಳದ ತುಂಬಾ ಮಳಿಗೆಗಳು. ನಾಸಿ ಗೊರೆಂಗ್ ಅನ್ನುವ ಹುರಿದ ಅನ್ನ, ಬಾಕ್ಸೊ ಅನ್ನುವ ಮಾಂಸದುಂಡೆಯ ಸೂಪ್, ಐಸ್ ಹಾಕಿದ ಸಿಹಿ ಚಹಾ. ಸಸ್ಯಾಹಾರಿಗಳು ಗಾಡೊ-ಗಾಡೊ ಕೇಳಬಹುದು. ಬೇಯಿಸಿದ ತರಕಾರಿ, ತೋಫು, ಮೇಲೆ ಕಡಲೆಕಾಯಿ ಗೊಜ್ಜು. ಮೊಟ್ಟೆ, ಸೀಗಡಿ ಪೇಸ್ಟ್ ಇದೆಯಾ ಅಂತ ಕೇಳಿಕೊಳ್ಳಿ. ಒಳಗೆ ಎಸಿ ಜೋರು, ಒಂದು ಶಾಲು ಇರಲಿ. ಬ್ಯಾಗ್ ತಪಾಸಣೆ ಇರುತ್ತದೆ, ಅರ್ಧ ಗಂಟೆ ಮುಂಚೆ ಹೋಗಿ. ಮೊದಲ ದಿನಗಳಲ್ಲಿ ಹಲವು ಅಂಗಳಗಳಲ್ಲಿ ಒಟ್ಟಿಗೆ ಆಟ ನಡೆಯುತ್ತದೆ, ಯಾವ ಕಡೆ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಸೆಮಿಫೈನಲ್ ಹೊತ್ತಿಗೆ ಒಂದೇ ಅಂಗಳ, ಅದರ ಮೇಲೆ ಮಾತ್ರ ಬೆಳಕು.

ಕೂರುವ ಜಾಗದ ಬಗ್ಗೆ ನನ್ನ ಅನುಭವ ಇದು. ದುಬಾರಿ ಟಿಕೆಟ್ ತೆಗೆದುಕೊಂಡು ಅಂಗಳದ ಪಕ್ಕದಲ್ಲಿ ಕೂತರೆ ಶಟಲ್ ಎಷ್ಟು ವೇಗ ಅಂತ ಗೊತ್ತಾಗುತ್ತದೆ. ಅಂಗಳದ ಹಿಂದಿನ ತುದಿಯಲ್ಲಿ, ಸ್ವಲ್ಪ ಮೇಲೆ ಕೂತರೆ ಆಟ ಗೊತ್ತಾಗುತ್ತದೆ. ಆಟಗಾರ ಎಲ್ಲಿ ಜಾಗ ಬಿಟ್ಟ, ಎದುರಾಳಿ ಅದನ್ನು ಯಾವಾಗ ನೋಡಿದ ಅನ್ನುವುದು ಅಲ್ಲಿಂದಲೇ ಚೆನ್ನಾಗಿ ಕಾಣುವುದು. ನಾನು ಎರಡೂ ಕಡೆ ಕೂತೆ. ಮತ್ತೆ ಹೋದರೆ ಹಿಂದಿನ ತುದಿಯಲ್ಲೇ ಕೂರುತ್ತೇನೆ.

ಭಾನುವಾರ ಫೈನಲ್. ಸಾತ್ವಿಕ್ ಮತ್ತು ಚಿರಾಗ್ ಎದುರು ಮಲೇಷ್ಯಾದ ಆರನ್ ಚಿಯಾ ಮತ್ತು ಸೋ ವೂಯಿ ಯಿಕ್, ಹಿಂದಿನ ವರ್ಷದ ವಿಶ್ವ ಚಾಂಪಿಯನ್ನರು. ನಮ್ಮವರು ಅಲ್ಲಿವರೆಗೂ ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ನನ್ನ ಸಾಲಿನವರು ನನ್ನ ಜೊತೆ ಸೇರಿ ಭಾರತಕ್ಕೆ ಕೂಗಿದರು. ಶುಕ್ರವಾರ ಮೌನವಾಗಿ ಕೂತಿದ್ದವರೇ ಇವತ್ತು 'ಇಂದಿಯಾ, ಇಂದಿಯಾ' ಅಂದರು. 21-17, 21-18. ಸೂಪರ್ 1000 ಅನ್ನುವ ಇಷ್ಟು ದೊಡ್ಡ ಮಟ್ಟದ ಟೂರ್ನಿಯನ್ನು ಭಾರತದ ಜೋಡಿ ಗೆದ್ದದ್ದು ಅದೇ ಮೊದಲು. ಪುರುಷರ ಸಿಂಗಲ್ಸ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಅಂತೋನಿ ಗಿಂಟಿಂಗ್ ಡೆನ್ಮಾರ್ಕ್‌ನ ಅಕ್ಸೆಲ್‌ಸೆನ್‌ಗೆ ಸೋತಾಗ ನಾನು ಸಂಕಟಪಟ್ಟೆ. ಏಳು ಸಾವಿರ ಜನ ಒಟ್ಟಿಗೆ ಸುಮ್ಮನಾಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಗಿಂಟಿಂಗ್ ಹೊರಗೆ ನಡೆಯುವಾಗ ಜನ ಎದ್ದು ನಿಂತು ಅವನ ಹೆಸರು ಕೂಗಿದರು.

ಆ ದಿನವೂ ಹಿರಿಯರು ಬಂದಿದ್ದರು. ಬೇರೆ ಸಾಲು. ಮುಗಿದ ಮೇಲೆ ಹುಡುಕಿಕೊಂಡು ಬಂದು ನನ್ನ ಕೈ ಕುಲುಕಿದರು. ನಾನು ಎರಡು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. 2004ರ ಆ ಫೈನಲ್ ನೋಡಿದಿರಾ? ಯಾರಿಗೆ ಕೂಗಿದಿರಿ?

'ಮನೆಯಲ್ಲಿ ಟಿವಿಯಲ್ಲಿ ನೋಡಿದೆ' ಅಂದರು. 'ಜಾಂಗ್ ನಿಂಗ್ ಮುಂದೆ ಹೋದಾಗ ನಾನು ಎದ್ದು ಮಿಯಾಗೆ ಕೂಗುತ್ತಿದ್ದೆ. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದು ಕೇಳಿದಳು, ಯಾರು ಆಡುತ್ತಿದ್ದಾರೆ, ನಮ್ಮವರಾ ಅಂತ.'

ನೀವು ಏನಂದಿರಿ?

'ಹೌದು ಅಂದೆ.'

ಎಂಆರ್‌ಟಿ ನಿಲ್ದಾಣದವರೆಗೆ ಅವರ ಜೊತೆಯೇ ನಡೆದೆ. ಮುಂದಿನ ವರ್ಷವೂ ಬರುತ್ತೀರಾ ಅಂದರು. ಬರುತ್ತೇನೆ ಅಂದೆ. ಆದರೆ ಮುಂದಿನ ಜೂನ್ ಹೊತ್ತಿಗೆ ನಾವು ಜಕಾರ್ತಾ ಬಿಟ್ಟಿದ್ದೆವು. ಈ ಜೂನ್‌ನಲ್ಲಿ ನೀವು ಹೋದರೆ ಕ್ವಾರ್ಟರ್ ಫೈನಲ್ ಇರುವ ಶುಕ್ರವಾರದ ಟಿಕೆಟ್ ತೆಗೆದುಕೊಳ್ಳಿ. ಒಳ್ಳೆಯ ಪಂದ್ಯಗಳು ಜಾಸ್ತಿ, ದರ ಕಡಿಮೆ, ಮತ್ತು ಪಕ್ಕದಲ್ಲಿ ಕೂತವರಿಗೆ ಮಾತಾಡಲು ಹೊತ್ತಿರುತ್ತದೆ. ಅವರನ್ನು 1994ರ ಬಗ್ಗೆ ಕೇಳಿ.